ಪಂಕ್ಚರ್ ಡಬ್ಬಿ

ಹಿನಕಲ್ಲಿನಿಂದ ದೊಡ್ಡಾಸ್ಪತ್ರೆಗೆ ಏಳು ಕಿಲೋಮೀಟರು.
ಹೋಗುವಾಗ ಇಪ್ಪತ್ತಾರು ನಿಮಿಷ, ಬರುವಾಗ ಮೂವತ್ತೊಂದು.
ನಡುವಿನ ಐದು ನಿಮಿಷ ಎಲ್ಲಿ ಬಿದ್ದುಹೋಗುತ್ತದೆಂದು
ವರ್ಷಗಟ್ಟಲೆ ಹುಡುಕಿದ್ದೇನೆ.
ಸಿಗ್ನಲ್ಲಿನಲ್ಲಿ ಅಲ್ಲ, ಮೊಣಕಾಲಿನಲ್ಲೂ ಅಲ್ಲ.
ಜಲದರ್ಶಿನಿಯ ಹತ್ತಿರ ಒಂದು ಏರಿದೆ,
ಕಣ್ಣಿಗೆ ಕಾಣದ್ದು.
ಬಸ್ಸಿನವರನ್ನು ಕೇಳಿ, ಸ್ಕೂಟರಿನವರನ್ನು ಕೇಳಿ,
ಏರಾ, ಎಲ್ಲಿ? ಅನ್ನುತ್ತಾರೆ.
ತೊಡೆಗೆ ಗೊತ್ತು.
ಮಳೆನೀರಿಗೂ ಗೊತ್ತು, ಅದು ಎದುರಿನಿಂದ ಇಳಿದು
ನನ್ನ ಚಕ್ರ ತೊಳೆದು ಹೋಗುತ್ತದೆ.

ಕಲಿತದ್ದು ಮೂವತ್ತೆಂಟಕ್ಕೆ,
ರಾತ್ರಿ ಹತ್ತರ ಮೇಲೆ, ಶಾಲೆಯ ಮೈದಾನದಲ್ಲಿ.
ಕ್ಯಾರಿಯರ್ ಹಿಡಿದು ಓಡಿಬರುತ್ತಿದ್ದ ನಾದಿನಿ ಚಂಪಕಾ
ಎಡವಿ ಬಿದ್ದಳು. ನಾನು ಬೀಳಲಿಲ್ಲ.
ನಿಲ್ಲಿಸುವುದನ್ನು ಇನ್ನೂ ಹೇಳಿಕೊಟ್ಟಿರಲಿಲ್ಲವಾಗಿ
ಅವಳ ಸುತ್ತ ಸುತ್ತುತ್ತಲೇ
ಪೆಟ್ಟಾಯಿತೇನೇ? ಎಂದು
ಸುತ್ತಿಗೊಂದು ಸಲ ಕೇಳಿದೆ.

ಆಮೇಲೆ ಗೊತ್ತಾದದ್ದು ಒಂದೊಂದಾಗಿ:
ಮೆಟ್ರೋಪೋಲ್ ಸರ್ಕಲ್ಲು ಇಡಿಯಾಗಿ
ಬೆಲ್ಲಿನ ಬಟ್ಟಲಲ್ಲಿ ಹಿಡಿಸುತ್ತದೆ, ನಾನೂ ಸೇರಿ,
ಮೂಗೊಂದು ದೊಡ್ಡದು.
ಕುಕ್ಕರಹಳ್ಳಿ ಕೆರೆಯ ಪಕ್ಕ ಎರಡೇ ಮಾರು ತಂಪು,
ಯಾರೋ ಫ್ರಿಡ್ಜಿನ ಬಾಗಿಲು ತೆರೆದು ಮುಚ್ಚಿದ ಹಾಗೆ.
ಗಾಳಿ ಯಾವ ದಿಕ್ಕಿನಿಂದ ಬೀಸಿದರೂ
ಎದುರು ಗಾಳಿಯೇ.

ದಿನಕ್ಕೆ ಎಂಬತ್ತು ಜನರ ರಕ್ತ ತೆಗೆಯುತ್ತೇನೆ ನಾನು.
ನರ ಕಾಣದಿದ್ದರೆ ಬೆರಳು ಹುಡುಕುತ್ತದೆ.
ಹಾಗೇ ಒಂದು ಸಂಜೆ, ಮಂಡಿ ಮೊಹಲ್ಲಾದಲ್ಲಿ,
ಚಾಂದ್‌ಪಾಷ ಟ್ಯೂಬನ್ನು ಬಾಂಡ್ಲಿ ನೀರಿಗೆ ಅದ್ದಿ
ಗುಳ್ಳೆ ಹಿಡಿದಿದ್ದ, ಮುಳ್ಳು ಸಿಕ್ಕಿರಲಿಲ್ಲ.
ಕೊಡಿ ಇಲ್ಲಿ, ಎಂದೆ.
ಟೈರಿನ ಒಳಹೊಟ್ಟೆಯಲ್ಲಿ ಕಣ್ಣುಮುಚ್ಚಿ ಬೆರಳಾಡಿಸಿದೆ.
ಸಿಕ್ಕಿತು.
"ಏನ್ ಕೆಲ್ಸ ಮೇಡಂ ನಿಮ್ದು?"
"ಚುಚ್ಚೋದು."
"ನಂದು ಕೀಳೋದು," ಅಂದ.

ಆಗ ತೋರಿಸಿದ ಡಬ್ಬಿ.
ಎಂದೋ ಬಾದಾಮಿ ಹಲ್ವ ತುಂಬಿಕೊಂಡು ಬಂದದ್ದು.
ಹತ್ತೊಂಬತ್ತು ವರ್ಷದಿಂದ
ಊರಿನ ಟೈರುಗಳಿಂದ ಕಿತ್ತದ್ದೆಲ್ಲ ಅದರಲ್ಲಿ:
ಜಾಲಿಮುಳ್ಳು, ಟಾಂಗಾ ಕುದುರೆಯ ಲಾಳದ ಮೊಳೆ,
ಕೋರ್ಟಿನ ಹತ್ತಿರದ ಸ್ಟೇಪ್ಲರ್ ಪಿನ್ನು,
ಓಲೆಯ ಒಂದು ತಿರುಪು.
"ಚಿನ್ನ ಅಲ್ಲ, ಉಜ್ಜಿ ನೋಡಿದೀನಿ."
ಡಬ್ಬಿ ಅಲ್ಲಾಡಿಸಿದೆ.
ಊರಿಗೂ ಒಂದು ಸದ್ದಿದೆ,
ಸಣ್ಣದು, ಗಿಲಕಿಯದರ ಹಾಗೆ.
ಯಾಕೆ ಇಟ್ಟುಕೊಂಡಿದ್ದೀರಿ ಎಂದರೆ
"ರೋಡಿಗೆ ಬಿಸಾಕಕ್ಕಾಗತ್ತಾ?
ಇನ್ನೊಬ್ರಿಗೆ ಚುಚ್ಚಲ್ವಾ?"
ಅವನ ಕಸುಬಿಗೆ ಅದು ಲಾಭವೇ ಅಲ್ಲವೇ ಎನ್ನಬೇಕೆಂದಿದ್ದೆ,
ಅನ್ನಲಿಲ್ಲ.

ಹೋದ ತಿಂಗಳು ನನ್ನ ಟೇಬಲ್ಲಿನೆದುರು
ತೋಳು ಚಾಚಿ ಕೂತ, ಉಪವಾಸದ ಸಕ್ಕರೆ ನೋಡಿಸಲು.
ಉಗುರಿನ ಸಂದಿಯಲ್ಲಿ ಸೊಲ್ಯೂಷನ್ನಿನ ಕರಿ.
ಸೂಜಿ ಕಂಡದ್ದೇ ಗೋಡೆಯ ಕಡೆ ತಿರುಗಿ
ಕ್ಯಾಲೆಂಡರಿನ ತಾರೀಕು ಒಂದೊಂದೇ ಓದತೊಡಗಿದ.
ಹದಿನೇಳಕ್ಕೆ ಬರುವಷ್ಟರಲ್ಲಿ ಮುಗಿದಿತ್ತು.
ಹತ್ತಿ ಇಟ್ಟು, ಪ್ಯಾಚ್ ಹಾಕಿದ್ದೀನಿ, ಒತ್ತಿ ಹಿಡಿಯಿರಿ, ಎಂದೆ.
ನಗಲಿಲ್ಲ. ಬೆವರೊರೆಸಿಕೊಂಡು
"ನೀರಲ್ಲಿ ಅದ್ದಿ ನೋಡ್ಬೇಕಾಗಿತ್ತು," ಅಂದ.
ಆಮೇಲೆ ನಾನೇ ನಕ್ಕದ್ದು.

ಅವತ್ತು ಸಂಜೆ ಅಂಗಡಿ ಮುಚ್ಚಿತ್ತು.
ಹೆಬ್ಬೆರಳಲ್ಲಿ ಟೈರು ಒತ್ತಿ ನೋಡಿ ಹೊರಟೆ.
ತುಂತುರು ಹಿಡಿಯಿತು.
ಜಲದರ್ಶಿನಿಯ ಹತ್ತಿರ ಹಿಂದಿನಿಂದ ಬಂದ
ಗೇರ್ ಸೈಕಲ್ಲಿನ ಹುಡುಗ, ಏದುಸಿರು ಬಿಡುತ್ತಾ,
"ಆಂಟಿ, ಇಲ್ಲಿ ಏರಿದೆಯಲ್ವಾ?" ಎಂದ.

ಇದೆ, ಎಂದೆ. ಜೋರಾಗಿ.
ಇದೆ ಕಣಪ್ಪ, ಇದೆ.

ಅವನು ಗೇರು ಬದಲಿಸಿ ಮುಂದೆ ಹೋದ.
ನಾನು ಇಳಿದು
ಸ್ವಲ್ಪ ದೂರ ತಳ್ಳಿದೆ.