ಮೂವತ್ತೆರಡು ಕಳೆದು

ಪೆನ್‌ಡ್ರೈವ್ ಚುಚ್ಚಿದರೆ ಅದು ತಾನಾಗಿ ಹೇಳಿಕೊಳ್ಳುತ್ತದೆ:
ನಾನು ಇಂಥವರ ಪೈಕಿ, ನನಗಿಷ್ಟು ಜಾಗ ಬೇಕು.
ಚಿಪ್‌ನ ಒಳಗೇ ಹುಟ್ಟಿದವು ಹಾಗಲ್ಲ.
ಟೈಮರು, ಸೀರಿಯಲ್ ಪೋರ್ಟು, ಕಾವಲಿನ ವಾಚ್‌ಡಾಗು,
ಉಗುರಗಲದ ಓಣಿಯಲ್ಲಿ ಗೋಡೆಗೆ ಗೋಡೆ ಹಚ್ಚಿ ಇದ್ದೂ
ಯಾವುದೂ ಹೊರಗೆ ಬಂದು ಹೆಸರು ಹೇಳುವುದಿಲ್ಲ.
ಕರ್ನಲ್ ಎದ್ದು ಕಣ್ಣುಜ್ಜಿದರೆ ಕಾಣುವುದು ಬರೇ ಬಯಲು.
ಯಾರಾದರೂ ಬರೆದಿಟ್ಟಿರಬೇಕು.
ಈ ತಿಂಗಳು ಆ ಯಾರಾದರೂ ಅಂದರೆ ನಾನು.

ಬಾಗಲಕೋಟೆಯ ನವನಗರ.
ಕೆಳಗೆ ಹಿಟ್ಟಿನ ಗಿರಣಿ, ಮೇಲೆ ನಮ್ಮ ಎರಡು ಮೇಜು.
ಘಟಪ್ರಭೆ ಎಷ್ಟು ಏರಿತೆಂದು ಅಳೆಯುವ ಪೆಟ್ಟಿಗೆ.
ದಸ್ತಗೀರ ನದಾಫ ಬೆಸುಗೆ ಹಾಕುತ್ತಾನೆ,
ನಾನು ಮರ ಬರೆಯುತ್ತೇನೆ:
ಬೇರು ಮೇಲೆ, ಟೊಂಗೆ ಕೆಳಗೆ,
ಟೊಂಗೆಗೊಂದು ಪುಷ್ಪಾವರಣ, ಅದರೊಳಗೆ
ವಿಳಾಸ, ಉದ್ದಳತೆ, ಯಾವ ಗಡಿಯಾರದ ಹಂಗು,
ತುರ್ತಾದರೆ ಎಷ್ಟನೆಯ ಗಂಟೆ ಬಾರಿಸಬೇಕು,
ಮತ್ತೆ ಒಂದು ಗುರುತಿನ ಹೆಸರು.
ಆ ಹೆಸರು ಕೇಳಿದ ಡ್ರೈವರ್ ಮಾತ್ರ
'ಇದು ನನ್ನದು' ಎಂದು ಏಳುತ್ತಾನೆ.
ಒಂದು ಅಕ್ಷರ ತಪ್ಪಿದರೆ ಏಳುವುದಿಲ್ಲ,
ಸಿಟ್ಟೂ ಮಾಡುವುದಿಲ್ಲ.

ಮೊದಲ ದಿನ ಗಡಿಯಾರದ ಸಾಲು ಮರೆತಿದ್ದೆ.
ಉಸಿರಿಲ್ಲದ ಮನೆಯ ಬಾಗಿಲು ತಟ್ಟಿದ ಡ್ರೈವರ್
ಎತ್ತಿದ ಕೈ ಇಳಿಸಲಿಲ್ಲ; ಇಡೀ ಯಂತ್ರವೇ
ಅವನ ಜೊತೆ ನಿಂತುಬಿಟ್ಟಿತು.
ಎರಡನೆಯ ದಿನ ಇನ್ನೊಬ್ಬ ಬಂದು
'ಕರೆಂಟಿನವ ಇನ್ನೂ ಬಂದಿಲ್ಲ, ಆಮೇಲೆ ಬರತೀನಿ' ಎಂದು ಹೋದ.
ಅವನು ನಿಜಕ್ಕೂ ಬಂದ.
ಆಮೇಲಿನ ಐದು ದಿನ
ವಿಳಾಸ ಸರಿ, ಹೆಸರು ಸರಿ, ತಟ್ಟಿದರೆ ಒಳಗಿನಿಂದ ಹ್ಞೂಂ.
ಗಂಟೆ ಮಾತ್ರ ಬಾರಿಸಲಿಲ್ಲ.

ಗಿರಣಿಗೆ ಜೋಳ ಇಟ್ಟು ಚಹಾಕ್ಕೆ ಮೇಲೆ ಬಂದವರು
ಬಾಳಪ್ಪ ಹಡಪದ, ಅಂಚೆಯಿಂದ ನಿವೃತ್ತರು,
ಮೊಣಕಾಲಿಗೆ ಹಿಟ್ಟು ಮೆತ್ತಿಕೊಂಡು.
ನನ್ನ ಪರದೆ ನೋಡಿ ಅಂದರು:
'ಇದರಾಗ ನಂದ ಕೆಲಸ ಐತಲ್ಲ ತಂಗಿ.
ಹಳೇ ಊರಾಗ ನಂಬರ್ ಯಾರಿಗೆ ಬೇಕಿತ್ತು?
ಗಂಗವ್ವ ಚೋಳಚಗುಡ್ಡ ಅಂದ್ರ ಗಂಗವ್ವ.
ಮುಳುಗಡಿ ಆಗಿ ಇಲ್ಲಿ ಬಂದ ಮ್ಯಾಲ
ಆಫೀಸಿನ ಯಾದಿಯೊಳಗ ಅರವತ್ತೈದು,
ಹೋಗಿ ನೋಡಿದ್ರ ಬಾಗಲ ಮ್ಯಾಲ ಮೂವತ್ಮೂರು.
ಮೊದಲಿನ ಮೂವತ್ತೆರಡು ಕ್ವಾರ್ಟರ್ಸಿನವು.
ಅವರದ ಬ್ಯಾರೆ ಎಣಿಕಿ.
ಆರು ತಿಂಗಳು ಆಕಿ ಪೆನ್ಶನ್
ಬ್ಯಾರೆಯವರ ಕಟ್ಟೀ ಮ್ಯಾಲ ಕುಂತು ಎದ್ದು ಬಂತು.'

ನಾನು ಚಹಾ ಕೆಳಗಿಟ್ಟೆ.

ಕೈಪಿಡಿಯ ಆರುನೂರ ಹನ್ನೆರಡನೆಯ ಪುಟ, ಸಣ್ಣ ಅಕ್ಷರ:
ಮೊದಲ ಮೂವತ್ತೆರಡು ಗಂಟೆ ಪ್ರೊಸೆಸರಿನ ಸ್ವಂತದವು.
ಉಳಿದವರನ್ನು ಸೊನ್ನೆಯಿಂದ ಎಣಿಸಬೇಕು.
ಪುಸ್ತಕದಲ್ಲಿ ಅರವತ್ತೈದು. ಮರದಲ್ಲಿ ಮೂವತ್ತಮೂರು.
ಐದು ದಿನ ನಾನು ಯಾರದೋ ಕಟ್ಟೆಯ ಮೇಲೆ
ಕಿವಿ ಹಚ್ಚಿ ಕುಂತಿದ್ದೆ.

ಎರಡನೆಯ ಸೀರಿಯಲ್ ಪೋರ್ಟು ಕೂಡ ಆ ಓಣಿಯಲ್ಲೇ ಇದೆ.
ನಮ್ಮ ಬೋರ್ಡಿನಲ್ಲಿ ಅದರಿಂದ ಹೊರಗೆ ತಂತಿ ಎಳೆದಿಲ್ಲ.
'ತೆಗೆದಹಾಕ್ರಿ ಮೇಡಂ, ಫೈಲು ಸಣ್ಣದಾಗ್ತದ' ಅಂದ ದಸ್ತಗೀರ.
ತೆಗೆಯುವುದಿಲ್ಲ. ವಿಳಾಸ ಇರಲಿ, ಗಂಟೆ ಇರಲಿ,
ಸ್ಥಿತಿಯ ಮುಂದೆ 'ಬಂದ್' ಎಂದರೆ ಸಾಕು.
ಬಾಳಪ್ಪನವರ ವಹಿಯಲ್ಲೂ ನೀರೊಳಗಿನ ಮನೆಗಳು
ಇನ್ನೂ ಹಾಗೇ ಇವೆಯಂತೆ, ಪೆನ್ಸಿಲಿನ ಒಂದು ಗೆರೆ ಪಕ್ಕಕ್ಕೆ.
'ರಬ್ಬರ್ ಇಸ್ಕೊಂಡೇ ಇಲ್ಲ ಬಿಡು ನಾನು' ಅಂದು
ಹಿಟ್ಟಿನ ಡಬ್ಬಿ ಹೊತ್ತು ಇಳಿದರು.

ರಾತ್ರಿ ಹನ್ನೊಂದೂಕಾಲು. ಗಿರಣಿ ನಿಂತಿತ್ತು.
ಮೊದಲು ಎರಡು ಹಾಳು ಅಕ್ಷರ, ಆಮೇಲೆ ಒಂದು ಅಂಕಿ:
ಹತ್ತೊಂಬತ್ತು ಸೆಂಟಿಮೀಟರ್.
ನದಿಯಲ್ಲ. ಮೇಜಿನ ಕೆಳಗಿನ ನೀಲಿ ಬಕೆಟ್ಟು.
ದಸ್ತಗೀರ ಏನೂ ಮಾತಾಡದೆ
ಒಂದು ತಂಬಿಗೆ ನೀರು ತಂದು ಸುರಿದ.
ಇಪ್ಪತ್ತೊಂದು.
ಇನ್ನೊಂದು ತಂಬಿಗೆಗೆ ಹೋದ.