ಗುಡಿ ಕಟ್ಟದ ಬಿಲ್ಲೆಗಳು

ನಿನ್ನೆ ಮಧ್ಯಾಹ್ನ ಗಾಜಿನ ತಟ್ಟೆಯಲ್ಲಿ
ಆರನೆಯಮ್ಮನ ಕೈಯ ಕೀವು ಬಿತ್ತಿ
ಮೇಲೆ ಆರು ಬಿಳಿ ಬಿಲ್ಲೆ ಇಟ್ಟೆ. ಆರು ಮದ್ದು.
ಮೋಡದ ಚಂದ್ರನಿಗೆ ಕಟ್ಟುವಂತೆ
ಯಾವುದರ ಸುತ್ತ ಗುಡಿ ಕಟ್ಟುವುದೋ
ಅದು ಅವಳನ್ನು ಉಳಿಸುವುದು.

ಅವಳು ಆರನೆಯವಳಲ್ಲ, ಐದನೆಯವಳು.
ಮೆಕಾಂಗಿನ ಈ ಕಾಲುವೆ ಸೀಮೆಯಲ್ಲಿ
ಚೊಚ್ಚಲ ಮಗುವನ್ನೇ ಎರಡು ಅನ್ನುತ್ತೇವೆ.
ದೆವ್ವ ಬಂದು ಕೇಳಿದರೆ
ಒಯ್ಯಲು ಮೊದಲನೆಯದೇ ಇಲ್ಲ.

ಸಿಗಡಿಯ ಹಣೆಯ ಗರಗಸ
ಹೆಬ್ಬೆರಳಿಗೆ ಚುಚ್ಚಿದ್ದು ಮಂಗಳವಾರ.
ಬುಧವಾರ ಎಲೆಯಡಿಕೆಯ ಸುಣ್ಣ ಹಚ್ಚಿಕೊಂಡಳಂತೆ.
ಗುರುವಾರ ಮೊಳಕೈವರೆಗೆ ನೇರಳೆ.
"ಐವತ್ತು ವರ್ಷ ಸುಲಿದಿದ್ದೇನೆ,
ಯಾವ ಮುಳ್ಳೂ ಇಷ್ಟು ಮಾತಾಡಲಿಲ್ಲ" ಅಂದಳು.
ಡಾಕ್ಟರು ನಗಲಿಲ್ಲ.

ಆ ಕೊಳ ನನಗೆ ಗೊತ್ತು.
ದೊಡ್ಡಪ್ಪ ಖ್ಯೇಮ್‌ನದು. ಮೊದಲು ಗದ್ದೆ.
ಉಪ್ಪುನೀರು ಬಿಟ್ಟ ವರ್ಷ ಕಪ್ಪೆಗಳು ಸುಮ್ಮನಾದವು,
ನೀರು ಕಡೆಯುವ ಚಕ್ರಗಳು ಶುರುವಾದವು,
ಇಡೀ ರಾತ್ರಿ.
ಸಿಗಡಿ ಕೆಮ್ಮುವುದಿಲ್ಲ, ನರಳುವುದಿಲ್ಲ,
ಒಂದು ಬೆಳಿಗ್ಗೆ ಬೆಳ್ಳಗೆ ತಳ ಸೇರಿರುತ್ತದೆ.
ಅದಕ್ಕೇ ಕಾಯಿಲೆಗೂ ಮೊದಲೇ ಮದ್ದು.
ತೌಡಿನ ಮೂಟೆಯ ಪಕ್ಕದಲ್ಲೇ ಚೀಲ, ಚೀಟಿ ಬೇಡ,
ಅಳತೆ ಕೇಳಿದರೆ ಅಂಗಡಿಯವನು ಮುಷ್ಟಿ ತೋರಿಸುತ್ತಿದ್ದ.
ಹಳದಿ ಪುಡಿಗೆ ಮೀನೆಣ್ಣೆ ಹಾಕಿ
ಮೇವಿನಲ್ಲಿ ಕಲಸುತ್ತಿದ್ದುದು
ನಾನು. ಹತ್ತು ವರ್ಷದವಳು. ಬರಿಗೈಯಲ್ಲಿ.
ಉಗುರುಸಂದಿಯ ಹಳದಿ ಶಾಲೆಗೂ ಬರುತ್ತಿತ್ತು.
ಆ ಸಿಗಡಿಯೇ ನನ್ನ ಫೀಸು, ಈ ಬಿಳಿ ಕೋಟು.

ಒಳ್ಳೆಯವು ಹಡಗು ಹತ್ತಿದವು.
ಪರೀಕ್ಷೆಯಲ್ಲಿ ಫೇಲಾದವು
ಮಂಜುಗಡ್ಡೆಯ ಸಮೇತ ನಮ್ಮ ಸಂತೆಗೇ ಬಂದವು,
ಆರನೆಯಮ್ಮನ ಬುಟ್ಟಿಗೆ.

ಬೆಳಗಿನ ಐದಕ್ಕೆ ತಟ್ಟೆ ತೆಗೆದೆ.
ಮೊದಲನೆಯದು ಬೋಳು. ಎರಡೂ ಬೋಳು.
ಮೂರನೆಯದು ಹಳದಿ ಪುಡಿಯ ದಾಯಾದಿ,
ಅದರ ಅಂಚಿಗೇ ಒತ್ತಿ ಬೆಳೆದಿವೆ,
ಬೇಲಿಗೆ ಅಂಜದ ಗರಿಕೆಯ ಹಾಗೆ.
ನಾಲ್ಕು. ಐದು.
ಕಣ್ಣಿಗೆ ಕಾಣದವು ಇವು,
ಎಣಿಕೆ ತಪ್ಪಿಸುವುದನ್ನು ನಮ್ಮಿಂದಲೇ ಕಲಿತವೇನೋ.

ಆರರ ಸುತ್ತ ತೆಳ್ಳಗೊಂದು ಗುಡಿ,
ಮಳೆ ತರಲು ಸಾಲದಷ್ಟು.
ಅಳೆಕೋಲಿಟ್ಟೆ. ಹದಿಮೂರು ಮಿಲಿಮೀಟರ್.
ಹದಿನಾಲ್ಕಿದ್ದರೆ ಬರೆಯಬಹುದಿತ್ತು.
ಮತ್ತೆ ಅಳೆದೆ.

ವಾರ್ಡಿನಿಂದ ಫೋನು ಬಡಿದುಕೊಳ್ಳುತ್ತಿತ್ತು.
ಕೈಗವಸು ಕಳಚಿ,
ಉಗುರು ನೋಡಿಕೊಂಡು,
ಎತ್ತಿದೆ.