ಇನ್ನೂ ರೂಪಾಯಿ ಆಗಿಲ್ಲ

ಬಿತ್ತಿದಾಗ ಸಾಸಿವೆಗಿಂತ ಸಣ್ಣದು.
ಕಂಡಕ್ಟರನಿಗೆ ಗೊತ್ತಿರುವ ಅಳತೆ ಒಂದೇ:
ಹತ್ತು ಪೈಸೆಯಗಲ ಆಗುವಷ್ಟರಲ್ಲಿ
ಹತ್ತು ಪೈಸೆಯನ್ನು ಯಾರೂ ಮುಟ್ಟುತ್ತಿರಲಿಲ್ಲ.
ನಾಲ್ಕಾಣೆಯಗಲ ಆದ ವರ್ಷ
ಸರ್ಕಾರವೇ ನಾಲ್ಕಾಣೆಯ ಕೈಬಿಟ್ಟಿತು.
ಎಂಟಾಣೆಗೆ ಬಂತು. ಎಂಟಾಣೆ ಹಾಕಿದರೆ
ಶಿವಾಜಿನಗರದ ಭಿಕ್ಷುಕ ನನ್ನನ್ನೇ ಕನಿಕರದಿಂದ ನೋಡಿದ.

ಬೀಜ ಬಂದದ್ದು ಹೀಗೆ. ಕುಕ್ ಟೌನಿನ ಮಿಸೆಸ್ ಲೋಬೋ
ಟಿಕೀಟಿನ ಬೆನ್ನಿಗೆ ನಾನು ಬರೆದ 'ಬಾಕಿ ೭'
ಕೈಯಲ್ಲೇ ಹಿಡಿದು, ಮರೆತು, ಇಳಿದುಬಿಟ್ಟರು.
ಒಂಬತ್ತನೇ ದಿನ ಸಿಕ್ಕಾಗ ಏಳು ರೂಪಾಯಿ ಎಣಿಸಿ ಕೊಟ್ಟೆ.
ಮರುದಿನ ಅದೇ ಟಿಕೀಟಿನಲ್ಲಿ ಮಡಚಿದ ಚಿಟಿಕೆ ಬೀಜ:
"ಮೆಕ್ಸಿಕೋದ್ದು. ಆತುರದವರಿಗಲ್ಲ."
ಎರಡನೇ ಟ್ರಿಪ್ಪು ಹದಿನೆಂಟು ನಿಮಿಷ ಲೇಟಾಗಿತ್ತು.
ರೈಟ್ ರೈಟ್ ಅಂದೆ.

ನಲವತ್ತರಲ್ಲಿ ಉಳಿದದ್ದು ಮೂರು.
ಬಿಸಿಲಿಗೆ ಸಾಯಲಿಲ್ಲ ಒಂದೂ. ಕೊಂದದ್ದು
ನಾಲ್ಕು ಗಂಟೆಗೆ ಹೇಳದೆ ಬರುವ ಬೆಂಗಳೂರಿನ ಮಳೆ.
ಲಗ್ಗೆರೆಯ ತಾರಸಿ, ಸಿಂಟೆಕ್ಸ್ ಪಕ್ಕ ಕುಂಡಗಳು;
ಮೆಜೆಸ್ಟಿಕ್ಕಿನಲ್ಲಿ ಮೋಡ ಕಂಡರೆ ನನ್ನ ಸೀಟಿ ತಪ್ಪುತ್ತಿತ್ತು.
"ಏನಣ್ಣ, ಹಪ್ಪಳ ಒಣಹಾಕಿದೀಯಾ?" ಡ್ರೈವರ್ ಜಬೀವುಲ್ಲಾ.
ಕಳ್ಳಿ ಎಂದರೆ ನಂಬುವಂತಿಲ್ಲ, ಮುಳ್ಳೇ ಇಲ್ಲ ಅದಕ್ಕೆ.
"ಕಲ್ಲು ಕಣೋ," ಅಂದೆ. "ಕಲ್ಲು ನೆನೆಯುತ್ತೆ."

ರಿಟೈರಾದ ಮೇಲೆ, ಮೊನ್ನೆ,
ಡಾಲರ್ಸ್ ಕಾಲೊನಿಯವರೊಬ್ಬರು ಮೂರು ಮಹಡಿ ಹತ್ತಿ ಬಂದರು.
ಅವರಲ್ಲಿ ಕಸಿ ಕಟ್ಟಿದವು ಇವೆಯಂತೆ,
ಎರಡೇ ವರ್ಷಕ್ಕೆ ಮುಷ್ಟಿಯಷ್ಟು, ಪೂರಿಯ ಹಾಗೆ ಉಬ್ಬಿ.
ಬೆಟ್ಟದಿಂದ ಕಿತ್ತದ್ದೂ ಒಂದು,
ಕಾಲುಚೀಲದಲ್ಲಿ ಕಡಲು ದಾಟಿದ್ದು,
ಅವರ ಅಜ್ಜನಿಗಿಂತ ಹಳೆಯದು. ಬೇರು ಕೊಯ್ದಿದ್ದಾರೆ.
ಫೋಟೋ ತೋರಿಸಿದರು. ಹಸಿರಾಗೇ ಇತ್ತು.
ಬೆಳೆದಷ್ಟೇ ನಿಧಾನ ಸಾಯುವುದೂ;
ಸತ್ತಿದ್ದೇನೆಂದು ಅದಕ್ಕಿನ್ನೂ ಸುದ್ದಿ ಹೋಗಿಲ್ಲ.

ಆಮೇಲೆ ಮಂಡಿಯೂರಿ, ಭೂತಗನ್ನಡಿ ಹಿಡಿದು,
ಕುಂಡಕ್ಕೆ ಸಿಕ್ಕಿಸಿದ ಲ್ಯಾಮಿನೇಟ್ ಟಿಕೀಟು ಓದಿದರು:
"ಬಾಕಿ ಏಳು... ಯಾವ ಕಣಿವೆಯ ನಂಬರು ಇದು?"
"ಕುಕ್ ಟೌನ್ ಸ್ಟಾಪು ಸಾರ್."
ನಗಲಿಲ್ಲ ಅವರು. "ಎಂಬತ್ತು ಸಾವಿರ. ಸ್ಕ್ಯಾನರ್ ಇದೆಯಾ?"

ಅಂಗಿಯ ಜೇಬು ತಡಕಿದೆ.
ಈಗ ಯಾರ ಜೇಬಲ್ಲೂ ಸದ್ದಿಲ್ಲ; ನನ್ನದರಲ್ಲಿ ಒಂದು ಸಿಕ್ಕಿತು.
ಗಿಡದ ಪಕ್ಕ ಇಟ್ಟು, ಕಣ್ಣು ಕಿರಿದು ಮಾಡಿ ನೋಡಿದೆ.
ಉಗುರಂಚಿನಷ್ಟು ಕಮ್ಮಿ.

"ಇನ್ನೂ ರೂಪಾಯಿ ಆಗಿಲ್ಲ ಸಾರ್," ಅಂದೆ.

ಯಶವಂತಪುರದ ಕಡೆ ಕಪ್ಪು ಕಟ್ಟುತ್ತಿತ್ತು.
ಮೆಟ್ಟಿಲು ಹುಷಾರು ಎಂದು ಹೇಳಿ
ಪ್ಲಾಸ್ಟಿಕ್ ಶೀಟು ಎಳೆದೆ.